ಹನ್ನೊಂದನೇ ಪಾಠ

ಹನ್ನೆರಡನೇ ತಾರೀಖು, ಬುಧವಾರ
ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟವಳು ಪೆನ್ನು ನಿಲ್ಲಿಸಿದೆ. ಇಲ್ಲಿ ಎಲ್ಲರೂ ಎಂದರೆ ನಾನೊಬ್ಬಳೇ, ಕ್ಷೇಮವೂ ಅಷ್ಟಕ್ಕಷ್ಟೇ. ನಿನ್ನ ಕಾಗದ ಸೋಮವಾರ ಬಂತು. ಓದಿದೆ, ಮಡಿಸಿ ದಿಂಬಿನ ಕೆಳಗಿಟ್ಟೆ, ಮತ್ತೆ ತೆಗೆದು ಓದಿದೆ. ನಿನ್ನೆ ನೀನು ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದೆ, ನಾನು ಆಯ್ತು ಎಂದೆ. ನಲ್ಲಿ ಸರಿ ಮಾಡುವವನು ಬಂದಿದ್ದನಾ ಎಂದು ನೀನು ಕೇಳಿದೆ, ಬಂದಿದ್ದ ಎಂದು ನಾನು ಹೇಳಿದೆ. ಕಾಗದದ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಾಯಿ ಮಗಳು ಇಬ್ಬರೂ ಸೇರಿ ಒಂದು ನಲ್ಲಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆವು. ನಗು ಬರುವಂಥ ಸಂಗತಿ, ಆದರೆ ಫೋನಿಟ್ಟ ಮೇಲೆ ನಾನು ಅತ್ತೆ.

ಏಳು ಸಾಲಿನ ಕಾಗದ ನಿನ್ನದು, ಈಗ ಬಾಯಿಪಾಠ ಆಗಿದೆ. ಮದುವೆಯಾಗಿ ಎರಡು ವರ್ಷವಾದರೂ ನಿಮ್ಮಿಬ್ಬರ ನಡುವೆ ಆಗಬೇಕಾದ್ದು ಆಗಿಲ್ಲ. ಅವರು ಹತ್ತಿರ ಬಂದರೆ ಸಾಕು, ಮೈ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಅವರು ಒಳ್ಳೆಯವರು, ಅವರ ತಪ್ಪೇನಿಲ್ಲ. ಮೊಮ್ಮಗು ಯಾವಾಗ ಎಂದು ಪೀಡಿಸಿ ಪೀಡಿಸಿ ಅತ್ತೆ ಮಗನ ಬಾಯಿಂದ ವಿಷಯ ಹೊರಡಿಸಿದ್ದಾರೆ. ಈ ಭಾನುವಾರ ಅವರ ಮನೆಯ ದೊಡ್ಡವರು ಕೂತು ನಿನ್ನ ವಿಚಾರ ತೀರ್ಮಾನ ಮಾಡುತ್ತಾರೆ. ನೀನು ಸೈನ್ಸ್ ಟೀಚರ್ ಅಲ್ಲವಾ ಅಮ್ಮಾ, ಬಂದು ಎರಡು ಮಾತು ಹೇಳು, ನೀನು ಹೇಳಿದರೆ ನಂಬುತ್ತಾರೆ ಎಂದಿದ್ದೀ. ಕೊನೆಯ ಸಾಲನ್ನು ಮಾತ್ರ ಬೇರೆ ಶಾಯಿಯಲ್ಲಿ ಬರೆದಿದ್ದೀ, ಬಹುಶಃ ಮರುದಿನ ಸೇರಿಸಿರಬೇಕು: ನನಗೆ ಕಾಯಿಲೆಯಾ ಅಮ್ಮಾ?

ಇಲ್ಲ. ಕಾಯಿಲೆ ಅಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದನ್ನು ಓದುವಷ್ಟು ಹೊತ್ತು ನೀನು ಮುಳ್ಳಿನ ಮೇಲೆ ಕೂತಿರಬಾರದು. ಆದರೆ ಭಾನುವಾರ ನಾನು ಬರುತ್ತೇನೋ ಇಲ್ಲವೋ ಎಂಬ ಮಾತಿಗೆ ಬರುವ ಮುಂಚೆ ಒಬ್ಬಳ ಸುದ್ದಿ ಹೇಳಬೇಕು. ನಿನ್ನ ಕಾಗದದಲ್ಲಿರುವ ಮಾತುಗಳನ್ನೇ ಹತ್ತೊಂಬತ್ತು ವರ್ಷದ ಹಿಂದೆ ಅವಳೂ ನನಗೆ ಬರೆದಿದ್ದಳು. ಭಾನುವಾರ ಎಂಬುದು ಕೂಡ ಹಾಗೇ ಇತ್ತು. ನೀನು ಅವಳನ್ನು ಒಂದೇ ಒಂದು ಸಲ, ನಮ್ಮ ಮನೆಯ ಹೊಸ್ತಿಲಲ್ಲಿ ನೋಡಿದ್ದೀ.

ಮೊದಲು ಶಾಲೆಯ ಸಂಗತಿ. ನಿನಗೆ ಸ್ವಲ್ಪ ಗೊತ್ತು, ನೀನೂ ಅಲ್ಲೇ ಓದಿದವಳು. ನಮ್ಮ ಶಾಲೆಯಲ್ಲಿ ಪಠ್ಯಪುಸ್ತಕ ಶಾಲೆಯದೇ, ವರ್ಷದ ಮೊದಲಿಗೆ ಕೊಟ್ಟು ಕೊನೆಗೆ ವಾಪಸು ತೆಗೆದುಕೊಳ್ಳುತ್ತಿದ್ದೆವು. ಹೊಸ ಪುಸ್ತಕದ ಕಟ್ಟು ಬಂದ ದಿನ ಲ್ಯಾಬಿನ ಕಲ್ಲಿನ ಮೇಜಿನ ಮೇಲೆ ಸ್ಪಿರಿಟ್ ಒಲೆ ಹಚ್ಚಿ ಮೈದಾ ಅಂಟು ಕಾಯಿಸುತ್ತಿದ್ದೆವು. ಅದಕ್ಕೆಂದೇ ಒಂದು ನೀಲಿ ಅಂಚಿನ ಪಿಂಗಾಣಿ ಬಟ್ಟಲಿತ್ತು, ನಮ್ಮ ಮನೆಯಲ್ಲಿದ್ದಂಥದ್ದೇ. ಹನ್ನೊಂದನೇ ಪಾಠದ ನಾಲ್ಕು ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಅಂಟಿಸಿ, ಮೇಲೆ ತೂಕದ ಕಲ್ಲಿಟ್ಟು ಒಣಗಿಸಬೇಕು. ಮನುಷ್ಯನ ದೇಹದಲ್ಲಿ ಹೃದಯ ಎಲ್ಲಿದೆ, ಕರುಳು ಎಷ್ಟು ಉದ್ದ, ಎಲ್ಲ ಇರಲಿ. ಮನುಷ್ಯ ಹುಟ್ಟುವುದು ಹೇಗೆ ಎಂಬುದು ಮಾತ್ರ ಬೇಡ. ಮೇಲಿನಿಂದ ಬಂದ ಆದೇಶ ಅದು. ನಮ್ಮ ಹೆಡ್‌ಮಿಸ್ ವರಾಂಡದಲ್ಲಿ ನಡೆದು ಬಂದರೆ ಗೋಡೆಗೆ ಒರಗಿದ್ದವರೆಲ್ಲ ನೆಟ್ಟಗೆ ನಿಲ್ಲುತ್ತಿದ್ದರು. ಅಂಥವರ ಶಾಲೆಯಲ್ಲಿ ಆದೇಶ ಮೀರುವುದುಂಟೇ. ನಾನು ಮೂವತ್ತೊಂದು ವರ್ಷ ಅಂಟಿಸಿದೆ. ನಿನ್ನ ಪುಸ್ತಕವನ್ನೂ ಈ ಕೈಯೇ ಅಂಟಿಸಿತು.

ಹುಡುಗಿಯರು ಆ ಗಟ್ಟಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎರಡು ಪುಟದ ಅಕ್ಷರಗಳು ಒಂದರ ಮೇಲೊಂದು ಬಿದ್ದು, ಒಂದು ನೆಟ್ಟಗೆ ಒಂದು ತಿರುಗುಮುರುಗು ಕಾಣುತ್ತಿದ್ದವು. ಅಷ್ಟರಿಂದಲೇ ಏನೇನೋ ಓದಿಕೊಂಡು ಗುಸುಗುಸು ಮಾಡಿ, ನಾನು ಬಂದಾಗ ಪುಸ್ತಕ ಮುಚ್ಚುತ್ತಿದ್ದರು. ನಾನು ಕಾಣದವಳಂತೆ ಹನ್ನೆರಡನೇ ಪಾಠಕ್ಕೆ ಹೋಗುತ್ತಿದ್ದೆ.

ನನ್ನ ಆರನೇ ವರ್ಷದ ತರಗತಿಯಲ್ಲಿ ಒಬ್ಬಳಿದ್ದಳು. ಎಲ್ಲದಕ್ಕೂ ಕೈಯೆತ್ತಿ ಯಾಕೆ ಎಂದು ಕೇಳುವವಳು, ಹಾಗಾಗಿ ಗೆಳತಿಯರು ಯಾಕಮ್ಮ ಎಂದು ಹೆಸರಿಟ್ಟಿದ್ದರು. ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತೆ, ಚಿನ್ನ ಯಾಕೆ ಹಿಡಿಯಲ್ಲ, ಆಕಳಿಕೆ ಯಾಕೆ ಒಬ್ಬರಿಂದ ಒಬ್ಬರಿಗೆ ಅಂಟುತ್ತೆ. ಸುಸ್ತು ಮಾಡಿಬಿಡುತ್ತಿದ್ದಳು, ಆದರೆ ಅವಳು ಬಾರದ ದಿನ ತರಗತಿ ಸಪ್ಪೆ. ಒಂದು ದಿನ ಎದ್ದು ನಿಂತು, "ಟೀಚರ್, ಹನ್ನೊಂದನೇ ಪಾಠ ಯಾಕೆ ಅಂಟ್ಕೊಂಡಿದೆ?" ಎಂದಳು. ಇಡೀ ತರಗತಿ ಕಿಸಕ್ಕೆಂದಿತು. ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ ಎಂದೆ. ಅವಳು ಕೂರಲಿಲ್ಲ. "ಪರೀಕ್ಷೆಗೆ ಬರದೆ ಇದ್ರೆ ಯಾಕೆ ಅಚ್ಚು ಹಾಕಿದ್ದಾರೆ?" ಎಂದು ಕೇಳಿದಳು. ತುಂಟತನಕ್ಕಲ್ಲ ಮಗಳೇ, ನಿಜಕ್ಕೂ ತಿಳಿಯಬೇಕಾಗಿತ್ತು ಅವಳಿಗೆ. ನಾನು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಗಂಟೆ ಹೊಡೆಯುವವರೆಗೂ ನಿಂತಿದ್ದಳು.

ಶಾಲೆ ಮುಗಿಸಿ ಮುಂದೆ ಅವಳು ಮುಖ್ಯ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ನನ್ನ ಮೊದಲ ಒಳ್ಳೆಯ ಕನ್ನಡಕ ಮಾಡಿಕೊಟ್ಟಿದ್ದು ಅವಳೇ. ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ನನ್ನ ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿಯ ಬಾಗು ಸರಿ ಮಾಡಿದಳು. ಇಷ್ಟು ವರ್ಷ ಹಿಂದಿನ ಬೆಂಚಿನವರು ನಿಮಗೆ ಕಾಣ್ತಾನೇ ಇರಲಿಲ್ಲ ಅಂತ ಗೊತ್ತಿದ್ದರೆ ಅಲ್ಲೇ ಕೂತು ನಿದ್ದೆ ಮಾಡ್ತಿದ್ದೆ ಟೀಚರ್ ಎಂದು ಛೇಡಿಸಿದಳು. ಅವಳು ನನ್ನ ಮೇಲೆ ಕೋಪ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೆ ನನಗೆ ಈಗ ಎಷ್ಟೋ ಹಗುರವಾಗಿರುತ್ತಿತ್ತು.

ಅವಳ ಇಪ್ಪತ್ತಮೂರನೇ ವಯಸ್ಸಿಗೆ ಮದುವೆ ಗೊತ್ತಾಯಿತು. ಕರೆಯಲು ಶಾಲೆಗೆ ಬಂದವಳು ಲ್ಯಾಬಿನಲ್ಲಿ ಸ್ಟೂಲೆಳೆದು ಕೂತಳು. ಬೇರೆ ಯಾರೂ ಇರಲಿಲ್ಲ. "ಟೀಚರ್, ಆ ಪಾಠ ಈಗಲಾದ್ರೂ ಹೇಳಿಕೊಡಿ, ಅಮ್ಮನ್ನ ಕೇಳಿದ್ರೆ ಬಾಯಿ ಮುಚ್ಚು ಅಂತಾಳೆ, ಅತ್ತಿಗೆನ ಕೇಳಿದ್ರೆ ನಗ್ತಾಳೆ, ನನಗೆ ಭಯ ಆಗ್ತಿದೆ" ಎಂದಳು. ನನ್ನ ಮುಖ ಕಾದ ಹೆಂಚಿನಂತಾಯಿತು. ಎಲ್ಲ ತಾನಾಗೇ ಗೊತ್ತಾಗುತ್ತೆ, ಹೆಣ್ಣಿಗೆ ನಾಚಿಕೆ ಇದ್ದರೇ ಚೆಂದ ಎಂದೆ. ಬೆನ್ನು ತಟ್ಟಿದೆ. ಮದುವೆಗೆ ಗೋಡೆ ಗಡಿಯಾರ ಕೊಟ್ಟು ಬಂದೆ.

ಎಂಟು ತಿಂಗಳ ಮೇಲೆ ಸ್ಟಾಫ್ ರೂಮಿಗೆ ಅವಳ ಕಾಗದ ಬಂತು. ನಿನ್ನ ಕಾಗದದಂತೆಯೇ ಪುಟ್ಟದು. ಮೈ ಒಪ್ಪುತ್ತಿಲ್ಲ, ನೋವು, ಭಯ. ನಿನಗೇನೋ ದೋಷವಿದೆ, ತಲೆ ಸರಿಯಿಲ್ಲ, ಬೇರೆ ಯಾರ ಮೇಲೋ ಮನಸ್ಸಿದೆ, ಹೀಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರಂತೆ. ಭಾನುವಾರ ದೊಡ್ಡವರೆಲ್ಲ ಕೂರುತ್ತಾರೆ, ನೀವು ಬಂದು ಪುಸ್ತಕದಲ್ಲಿರುವುದನ್ನು ಹೇಳಿ ಸಾಕು, ಶನಿವಾರ ನಾಲ್ಕಕ್ಕೆ ನಿಮ್ಮ ಮನೆಗೆ ಬರುತ್ತೇನೆ ಎಂದು ಬರೆದಿದ್ದಳು.

ಆ ಶನಿವಾರ ನಾಲ್ಕಕ್ಕೆ ನಾನು ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ಬೀದಿಯ ತುದಿಯಲ್ಲಿ ಅವಳು ಬರುವುದು ಕಂಡಿತು. ಹತ್ತು ಜನ ಗಂಡಸರ ನಡುವೆ ಕೂತು ಆ ಮಾತುಗಳನ್ನು ನನ್ನ ಬಾಯಲ್ಲಿ ಹೇಳುವುದೇ? ನಾಳೆ ಶಾಲೆಯಲ್ಲಿ ಗೊತ್ತಾದರೆ? ನಿನಗೆ ಹನ್ನೊಂದು ವರ್ಷ, ಮೇಜಿನ ಮೇಲೆ ನಕ್ಷೆ ಬಿಡಿಸುತ್ತಿದ್ದೆ. ಯಾರಾದರೂ ಬಂದರೆ ಅಮ್ಮ ಮನೇಲಿಲ್ಲ ಅನ್ನು ಎಂದು ಹೇಳಿ ಅಡುಗೆಮನೆಗೆ ಓಡಿ ಬಾಗಿಲು ಮರೆ ಮಾಡಿಕೊಂಡೆ. ನೀನು ಯಾಕೆ ಎಂದೆ. ನಾನು ಕಣ್ಣು ಬಿಟ್ಟೆ. ನೀನು ಒಳ್ಳೆಯ ಹುಡುಗಿ, ಹೇಳಿದ ಹಾಗೆ ಹೇಳಿದೆ.

ಗಾಬರಿಯಲ್ಲಿ ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದವಳು ಅದನ್ನು ಬಾಗಿಲ ಪಕ್ಕದ ಮೇಜಿನ ಮೇಲೇ ಬಿಟ್ಟುಬಿಟ್ಟಿದ್ದೆ. ಅವಳೇ ಮಾಡಿದ ಕನ್ನಡಕ. ಅದಿಲ್ಲದೆ ನಾನು ಬೀದಿಗಿಳಿಯಲಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲ ಸಂದಿಯಿಂದ ನನಗೆ ಅವಳು ಒಂದು ಮಂಜಿನಂಥ ಆಕಾರವಾಗಿ ಕಂಡಳು. ಆ ಆಕಾರ ಬಗ್ಗಿ ಮೇಜಿನಿಂದ ಏನೋ ಎತ್ತಿಕೊಂಡು, ಸೆರಗಿನ ತುದಿಯಿಂದ ನಿಧಾನಕ್ಕೆ ಒರೆಸಿ, ಎತ್ತಿಕೊಂಡಲ್ಲೇ ಇಟ್ಟಿತು. ಆಮೇಲೆ ಅವಳ ದನಿ ಕೇಳಿಸಿತು. "ಸರಿ ಪುಟ್ಟಾ, ಅಮ್ಮ ಕನ್ನಡಕ ಮರೆತು ಹೋಗಿದ್ದಾರೆ, ಹುಷಾರಾಗಿ ನಡೀಲಿ." ಅಷ್ಟೇ. ಮೆಟ್ಟಿಲಿಳಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಇಪ್ಪತ್ತೆರಡು ಮೆಟ್ಟಿಲಿಗೆ ಅಷ್ಟು ಹೊತ್ತು ಹೇಗೆ ಬೇಕಾಯಿತೋ.

ಆ ಅಕ್ಕ ಯಾರು ಎಂದು ನೀನು ಅವತ್ತು ಕೇಳಿದೆ. ಆಮೇಲೂ, ಬೆಳೆದ ಮೇಲೂ ಕೇಳಿದೆ. ಯಾರೋ ಹಳೆಯ ವಿದ್ಯಾರ್ಥಿನಿ ಎಂದೆ. ಸುಳ್ಳೇನಲ್ಲ.

ಭಾನುವಾರ ದೊಡ್ಡವರು ಕೂತು ತೀರ್ಮಾನ ಮಾಡಿದರು. ಅವಳಿಗೆ ತಲೆ ಸರಿಯಿಲ್ಲ ಎಂದಾಯಿತು. ದೂರದ ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳಿಟ್ಟು ಏನೇನೋ ಮಾತ್ರೆ ನುಂಗಿಸಿದರಂತೆ, ಆಮೇಲೆ ಅಣ್ಣನ ಮನೆಗೆ ತಂದು ಬಿಟ್ಟರಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವಳ ಬೆಂಚಿನ ಗೆಳತಿ. ಮೂರು ವರ್ಷದ ಮೇಲೆ ಬಸ್ ಸ್ಟಾಪಿನಲ್ಲಿ ನಾನೇ ಯಾಕಮ್ಮನನ್ನು ಕಂಡೆ. ಅಣ್ಣನ ಹೆಂಡತಿಯ ಪಕ್ಕ ಚೀಲ ತಬ್ಬಿ ಕೂತಿದ್ದಳು. ಮೈ ಊದಿಕೊಂಡಿತ್ತು. ಹೇಗಿದ್ದೀಯಮ್ಮ ಎಂದೆ. ಹೌದು ಎಂದಳು. ಕೆಲಸಕ್ಕೆ ಹೋಗುತ್ತೀಯಾ ಎಂದೆ. ಹೌದು ಎಂದಳು. ಯಾಕೆ ಎನ್ನುವುದನ್ನು ಬಿಟ್ಟರೆ ಬೇರೆ ಮಾತೇ ಗೊತ್ತಿರದಿದ್ದ ಹುಡುಗಿ. ಬಸ್ಸು ಬಂದಾಗ ಎದ್ದು ನಿಂತವಳು ತಟ್ಟನೆ ಕೈ ಚಾಚಿ, ನನ್ನ ಕಿವಿಯ ಹಿಂದೆ ಬೆರಳಿಟ್ಟು, ಓರೆಯಾಗಿದ್ದ ಕನ್ನಡಕದ ಕಡ್ಡಿಯನ್ನು ಸರಿ ಮಾಡಿ ಹೋದಳು. ಬೆರಳು ತಣ್ಣಗಿತ್ತು. ಆ ತಣ್ಣನೆ ಇವತ್ತಿಗೂ ನನ್ನ ಕಿವಿಯ ಹಿಂದೆ ಇದೆ.

ದೆವ್ವ ಭೂತ ನಂಬುವವಳಲ್ಲ ನಾನು, ನಿನಗೆ ಗೊತ್ತು. ಅವಳು ಸತ್ತೂ ಇಲ್ಲ. ಅದೇ ಅಣ್ಣನ ಮನೆಯಲ್ಲಿದ್ದಾಳೆ, ಹಗಲೆಲ್ಲ ಬಟ್ಟೆ ಮಡಿಸುತ್ತಾಳಂತೆ. ಆದರೂ ಸಂಜೆ ನಾಲ್ಕಕ್ಕೆ ಕರೆಗಂಟೆ ಬಾರಿಸಿದರೆ ನನ್ನ ಕಾಲು ಮೊದಲು ಅಡುಗೆಮನೆಯ ಕಡೆ ತಿರುಗುತ್ತದೆ. ಹಾಲಿನವನಿರಲಿ, ಕೆಳಗಿನ ಮನೆಯವಳಿರಲಿ. ಮಸುಕಾಗಿದೆ, ಆಮೇಲೆ ಒರೆಸೋಣ ಎಂದು ಬಿಟ್ಟ ಕನ್ನಡಕ ಮಲಗೆದ್ದು ನೋಡಿದರೆ ಒರೆಸಿದಂತೆ ಹೊಳೆಯುತ್ತಿರುತ್ತದೆ. ನಾನೇ ಒರೆಸಿ ಮರೆತಿರುತ್ತೇನೆ, ವಯಸ್ಸಾಯಿತು. ಹಾಗಂದುಕೊಂಡೇ ಹತ್ತೊಂಬತ್ತು ವರ್ಷ ಹಾಕಿಕೊಂಡಿದ್ದೇನೆ.

ನಿನ್ನ ಕಾಗದ ಓದಿದಾಗ ಅವಳೇ ಮತ್ತೆ ಮೆಟ್ಟಿಲು ಹತ್ತಿ ಬಂದಳೇನೋ ಎನಿಸಿತು. ಈ ಸಲ ನಿನ್ನ ಮುಖ ಇಟ್ಟುಕೊಂಡು. ನಿನ್ನ ಮೈಗೆ ಬಾಗಿಲು ಹಾಕುವುದನ್ನು ಕಲಿಸಿದವಳು ನಾನು. ಟಿವಿಯಲ್ಲಿ ಇಬ್ಬರು ಹತ್ತಿರ ಬಂದರೆ ನಾನು ಎದ್ದು ಫ್ಯಾನಿನ ಸ್ವಿಚ್ಚಿನ ಹತ್ತಿರ ಹೋಗಿ ಅಡ್ಡ ನಿಲ್ಲುತ್ತಿದ್ದೆ, ಚಳಿಗಾಲದಲ್ಲೂ. ನೀನು ದೊಡ್ಡವಳಾದ ದಿನ ಕೈಗೊಂದು ಪೊಟ್ಟಣ ಕೊಟ್ಟು ಅಪ್ಪನಿಗೆ ಕಾಣದ ಹಾಗೆ ಇಡು ಎಂದೆ, ಬೇರೆ ಒಂದು ಮಾತೂ ಆಡಲಿಲ್ಲ. ಮದುವೆಯ ಹಿಂದಿನ ದಿನ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಏನೋ ಕೇಳಲು ಬಾಯಿ ತೆರೆದೆ, ನಾನು ಒಡವೆಯ ಪಟ್ಟಿ ಓದತೊಡಗಿದೆ. ನೆನಪಿದೆ ನನಗೆ.

ಈಗ ಉತ್ತರ. ನಿನ್ನೆ ನಮ್ಮ ಬೀದಿಯ ಔಷಧಿ ಅಂಗಡಿಯ ಮೇಲಿರುವ ಹೆಂಗಸರ ಡಾಕ್ಟರ ಹತ್ತಿರ ಹೋದೆ. ಅರವತ್ತರ ಮುದುಕಿ ಬಸುರಿಯರ ಸಾಲಿನಲ್ಲಿ ಕೂತಿದ್ದೆ, ಎಲ್ಲರೂ ಒಮ್ಮೆ ತಿರುಗಿ ನೋಡಿದರು. ಒಳಗೆ ಹೋಗಿ ಹೇಳಲು ನಾಲಿಗೆ ಹೊರಳದೆ ನಿನ್ನ ಕಾಗದವನ್ನೇ ಮುಂದಿಟ್ಟೆ. ತಪ್ಪಾಗಿದ್ದರೆ ಕ್ಷಮಿಸು. ಆಕೆ ಓದಿ, ಕನ್ನಡಕ ಸರಿ ಮಾಡಿಕೊಂಡು, ವಾರಕ್ಕೆ ಒಬ್ಬರಾದರೂ ಹೀಗೆ ಬರುತ್ತಾರಮ್ಮ ಎಂದರು. ಭಯಕ್ಕೆ ಒಳಗಿನ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ, ಕಣ್ಣಿನ ಹತ್ತಿರ ಕೈ ಬಂದರೆ ರೆಪ್ಪೆ ಮುಚ್ಚುವ ಹಾಗೆ. ಮನಸ್ಸು ಮಾಡಿದರೂ ಬಿಡಿಸಲು ಬರುವುದಿಲ್ಲ, ಬಲವಂತ ಮಾಡಿದರೆ ಇನ್ನೂ ಬಿಗಿಯುತ್ತದೆ. ಕಲಿಸುವವರಿದ್ದಾರೆ, ಕೆಲವು ತಿಂಗಳು ಹಿಡಿಯುತ್ತದೆ, ಬಹಳ ಜನರಿಗೆ ಸರಿಹೋಗುತ್ತದೆ. ಹುಚ್ಚೂ ಅಲ್ಲ, ದೋಷವೂ ಅಲ್ಲ, ಹಟವೂ ಅಲ್ಲ. ಹತ್ತೇ ನಿಮಿಷದ ಮಾತು. ಇದನ್ನು ಅವತ್ತು ಒಬ್ಬಳಿಗೆ ಹೇಳಬಹುದಾಗಿತ್ತು.

ಡಾಕ್ಟರು ಹೇಳಬೇಕಾದ ಅಗತ್ಯವೂ ನನಗಿರಲಿಲ್ಲ. ಇದನ್ನು ಬರೆಯಲು ಎರಡು ಲೋಟ ನೀರು ಕುಡಿದು ಬಂದೆ. ನನಗೂ ಹೀಗೇ ಆಗಿತ್ತು ಮಗಳೇ. ಒಂದೆರಡು ದಿನವಲ್ಲ, ಹದಿನಾಲ್ಕು ತಿಂಗಳು. ನಿನ್ನ ಅಪ್ಪ ಅಂಚೆ ಕಚೇರಿಯಲ್ಲಿ ದಿನವಿಡೀ ಕಾಗದ ವಿಂಗಡಿಸಿ ಬಂದು, ಮಂಚದ ಆ ತುದಿಯಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು, ಹರಾಜಿನ ಜಾಹೀರಾತು ಕೂಡ ಬಿಡದೆ. ನಾನು ಅತ್ತರೆ, "ಅವಸರ ಯಾರಿಗಿದೆ, ಇನ್ನೂ ಕ್ರೀಡಾಪುಟ ಬಾಕಿ ಇದೆ" ಎನ್ನುತ್ತಿದ್ದರು. ಯಾರಿಗೂ ಹೇಳಲಿಲ್ಲ ಅವರು, ಅವರ ಅಮ್ಮನಿಗೂ. ನಗಿಸಿ ನಗಿಸಿ ನನ್ನ ಭಯ ಬಿಡಿಸಿದರು. ಆಮೇಲೆ ನೀನು ಬಂದೆ. ಯಾಕಮ್ಮ ಬಾಗಿಲಲ್ಲಿ ನಿಂತಿದ್ದಾಗ ಅವಳ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಷ್ಟೇ ಅಲ್ಲ, ಅಡುಗೆಮನೆಯಲ್ಲಿ ಅಡಗಿದ್ದ ನನ್ನ ಮೈಯಲ್ಲೇ ಇತ್ತು. ನನಗೂ ಹೀಗಾಗಿತ್ತು ಕಣೇ ಎಂಬ ಒಂದು ಮಾತು ಸಾಕಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಭಾನುವಾರ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಬೀಗಿತ್ತಿ ಮೂಗು ಮುರಿಯಲಿ, ನಿನ್ನ ದೊಡ್ಡಮಾವ ಎದ್ದು ಹೊರಗೆ ಹೋಗಲಿ, ನಾನು ಹನ್ನೊಂದನೇ ಪಾಠವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಹೇಳುತ್ತೇನೆ. ದನಿ ನಡುಗಬಹುದು, ನೀನು ಕೈ ಹಿಡಿದುಕೋ. ಅಳಿಯಂದಿರಿಗೆ ಈ ಕಾಗದ ತೋರಿಸು, ಅಪ್ಪನ ಪೇಪರಿನ ಭಾಗವನ್ನಂತೂ ತಪ್ಪದೆ ತೋರಿಸು. ಅವರು ಒಳ್ಳೆಯವರು ಎಂದು ನೀನು ಬರೆದಿದ್ದೀ, ಹಾಗಿದ್ದರೆ ಓದಿ ತಿಳಿದುಕೊಳ್ಳುತ್ತಾರೆ. ಭಾನುವಾರ ಏನೇ ತೀರ್ಮಾನವಾಗಲಿ, ನಿನ್ನ ಮೈಯ ಮೇಲೆ ತೀರ್ಮಾನ ಕೊಡುವ ಹಕ್ಕು ಆ ಕೋಣೆಯಲ್ಲಿ ನಿನ್ನೊಬ್ಬಳದೇ.

ಈ ಕಾಗದವನ್ನು ಕೊರಿಯರಿಗೆ ಕೊಡುತ್ತೇನೆ, ನಾಳೆ ಸಂಜೆಯೊಳಗೆ ಸಿಗುತ್ತದಂತೆ. ಸಿಕ್ಕಿತು ಎಂದು ಫೋನ್ ಮಾಡು. ನಲ್ಲಿಯ ಮಾತು ಬೇಡ.

ನಿನ್ನನ್ನು ಬಾಗಿಲಿಗೆ ಕಳಿಸಿ ತಾನು ಒಳಗೆ ಅಡಗಿದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದಿದ್ದೇನೆ.

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹೊಸ ಟೀಚರ್ ಮನೆಗೆ ಬಂದಿದ್ದಳು. "ಮೇಡಂ, ಆ ಹನ್ನೊಂದನೇ ಪಾಠದ ಆದೇಶದ ಪ್ರತಿ ಎಲ್ಲಿದೆ? ಫೈಲೆಲ್ಲಾ ಹುಡುಕಿದೆ, ಸಿಗ್ತಿಲ್ಲ" ಎಂದಳು. ಹುಡುಕಿಕೊಡುತ್ತೇನೆ ಎಂದೆ. ಹುಡುಕಲು ಏನೂ ಇಲ್ಲ ಮಗಳೇ. ಆದೇಶ ಬಂದೇ ಇರಲಿಲ್ಲ. ಮೊದಲ ವರ್ಷ, ಮರುದಿನದ ಪಾಠವನ್ನು ಖಾಲಿ ಲ್ಯಾಬಿನಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ನನ್ನ ಆ ಹದಿನಾಲ್ಕು ತಿಂಗಳಲ್ಲಿ ಅದು ಒಂಬತ್ತನೆಯದು. ಹನ್ನೊಂದನೇ ಪಾಠದ ಎರಡನೇ ಪ್ಯಾರಾಕ್ಕೆ ದನಿ ನಿಂತುಹೋಯಿತು. ಪುಸ್ತಕಗಳನ್ನೆಲ್ಲ ವಾಪಸು ತರಿಸಿಕೊಂಡು ಮರುದಿನ ಒಬ್ಬಳೇ ಕೂತು ನಲವತ್ತೆರಡನ್ನೂ ಅಂಟಿಸಿದೆ. ಪಕ್ಕದ ತರಗತಿಯ ಟೀಚರ್ ಏನಿದು ಎಂದಳು. ಮೇಲಿನಿಂದ ಆದೇಶ ಎಂದುಬಿಟ್ಟೆ. ಯಾವ ಮೇಲಿನಿಂದ ಎಂದು ಅವಳು ಕೇಳಲಿಲ್ಲ, ಯಾರೂ ಕೇಳಲಿಲ್ಲ, ಎಲ್ಲರಿಗೂ ನಿರಾಳವಾಯಿತು. ಮರುವರ್ಷ ಅಟೆಂಡರ್ ತಾನಾಗೇ ಅಂಟು ಕಾಯಿಸಿ ತಂದ. ನಾಲ್ಕೈದು ವರ್ಷದಲ್ಲಿ ಹಿಂದಿನ ಬೀದಿಯ ಶಾಲೆಯವರೂ ನಮ್ಮನ್ನು ನೋಡಿ ಅಂಟಿಸತೊಡಗಿದರು. ಯಾಕಮ್ಮನನ್ನು ಹೊರಗೆ ನಿಲ್ಲಿಸಿದ ವರ್ಷ ಹೆಡ್‌ಮಿಸ್ ನನ್ನನ್ನು ಕರೆದು, "ಆ ಆದೇಶ ಇನ್ನೂ ವಾಪಸ್ ತಗೊಂಡಿಲ್ವಾ ಮಿಸ್? ಮಕ್ಕಳು ಕೇಳ್ತಿದ್ದಾರೆ, ಪಾಪ" ಎಂದರು. ಇಲ್ಲ ಮೇಡಂ ಎಂದೆ.

ನಾಡಿದ್ದು ಶುಕ್ರವಾರ ಶಾಲೆಗೆ ಹೋಗಿ ಹೊಸ ಟೀಚರಿಗೆ ಇದನ್ನು ಹೇಳುತ್ತೇನೆ. ಅಲ್ಲಿಂದ ಯಾಕಮ್ಮನ ಅಣ್ಣನ ಮನೆಗೂ ಹೋಗುತ್ತೇನೆ. ಅವಳು ಹೌದು ಎನ್ನಬಹುದು, ಏನೂ ಅನ್ನದೆಯೂ ಇರಬಹುದು.

ನಿನ್ನ ಸಂಸಾರಕ್ಕೆಂದು ನಾನು ಕೊಟ್ಟ ನೀಲಿ ಅಂಚಿನ ಬಟ್ಟಲು ಐದೇ ಇವೆ ಎಂದು ನೀನು ಯಾವಾಗಲೂ ಗೊಣಗುತ್ತೀ. ಆರನೆಯದು ಒಡೆದುಹೋಯಿತು ಎಂದಿದ್ದೆ. ಒಡೆದಿಲ್ಲ. ಲ್ಯಾಬಿನ ಕಪಾಟಿನ ಕೆಳಗಿನ ಅರೆಯಲ್ಲಿದೆ, ತಳಕ್ಕೆ ಅಂಟು ಕಟ್ಟಿಕೊಂಡು. ಬಿಸಿನೀರಲ್ಲಿ ನೆನೆಹಾಕಿ ತೊಳೆದು ಶನಿವಾರ ತರುತ್ತೇನೆ.